ಗೆದ್ದೆತ್ತಿನ ಬಾಲ ಹಿಡಿದವರು ನಾವೇ

ಈ ತಿಂಗಳು ಒಂದೇ ಪತ್ರಕ್ಕೆ ಉತ್ತರ ಬರೀತಿದ್ದೀನಿ, ಉಳಿದವರು ಬೇಜಾರು ಮಾಡ್ಕೋಬೇಡಿ. ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಾನು ಬೆಂಬಲಿಸೋ ಫುಟ್‌ಬಾಲ್ ತಂಡದ ಕೋಚ್ ಎರಡು ಸಲ ಕಪ್ ತಂದುಕೊಟ್ಟವರು. ಈಗ ಅವರ ಪ್ಲಾನ್ ಎದುರಾಳಿಗಳಿಗೆಲ್ಲ ಬಾಯಿಪಾಠ ಆಗಿದೆ, ಆದ್ರೂ ಅದನ್ನೇ ಆಡಿಸ್ತಾರೆ. ಗೆಲುವು ತಲೆಗೇರಿದೆ, ಇದು ಬರೀ ಅಹಂಕಾರ. ಇಂಥವರನ್ನ ಒಂದು ಸೀಸನ್ ಸೋತ ತಕ್ಷಣ ಮನೆಗೆ ಕಳಿಸಿ ಅಂತ ನೀವ್ಯಾಕೆ ಬರೆಯಲ್ಲ?"

ನಿಮಗೆ ಆಟ ನೋಡೋ ಕಣ್ಣಿದೆ. ಸ್ಕೋರ್ ಬಿಟ್ಟು ಪ್ಲಾನ್ ಕಡೆ ಗಮನ ಕೊಡೋರು ಕಮ್ಮಿ, ನೀವು ಕೊಟ್ಟಿದ್ದೀರಿ, ಅದಕ್ಕೇ ನಿಮ್ಮ ಪತ್ರ ಎತ್ಕೊಂಡೆ. ಆದ್ರೆ ರೋಗ ಸರಿಯಾಗಿ ಹಿಡಿದು ಕಾರಣ ಮಾತ್ರ ತಪ್ಪು ಹೇಳಿದ್ದೀರಿ.

ಅಹಂಕಾರ ಇರೋದೇ ಇಲ್ಲ ಅಂತ ನಾನು ವಾದ ಮಾಡಲ್ಲ. ಜರ್ಮನಿಯ ಯೋಆಖಿಮ್ ಲೂವ್ 2014ರಲ್ಲಿ ವಿಶ್ವಕಪ್ ಗೆದ್ದರು. 2017ರ ಕಾನ್ಫೆಡರೇಷನ್ಸ್ ಕಪ್‌ಗೆ (ಖಂಡಗಳ ಚಾಂಪಿಯನ್‌ಗಳು ಆಡ್ತಿದ್ದ ಟೂರ್ನಿ) ಹೊಸ ಹುಡುಗರನ್ನ ಕರ್ಕೊಂಡು ಹೋಗಿ ಅದನ್ನೂ ಗೆದ್ದರು, ಅಂದ್ರೆ ಬದಲಾವಣೆ ಕೈಯಲ್ಲೇ ಇತ್ತು. ಆದ್ರೂ 2018ರ ವಿಶ್ವಕಪ್‌ನಲ್ಲಿ ಮತ್ತೆ ಹಳೇ ಚಾಂಪಿಯನ್‌ಗಳನ್ನೇ ಜಾಸ್ತಿ ನಂಬಿದರು, ಗುಂಪಿನಲ್ಲಿ ಕಡೇ ಸ್ಥಾನ ಸಿಕ್ತು. ಅಪ್ಪ ನೆಟ್ಟ ಆಲದ ಮರ ಅಂತಾರಲ್ಲ, ಇಲ್ಲಿ ತಾನೇ ನೆಟ್ಟ ಮರ. ಸರಿ, ಈ ಒಂದು ಕೇಸು ನಿಮಗೇ ಇರಲಿ.

ಈಗ ನನ್ನ ಮಾತು ಕೇಳಿ. ಗೆದ್ದ ಕೋಚ್ ಬದಲಾಗದೇ ಇರೋದಕ್ಕೆ ದೊಡ್ಡ ಕಾರಣ ಏನಂದ್ರೆ, ಗೆದ್ದ ದಿನ ಅವರನ್ನ ಯಾರೂ ಏನೂ ಕೇಳಲ್ಲ. ಸೋತಾಗ ಒಂದೊಂದು ಪಾಸನ್ನೂ ಬಿಡಿಸಿ ನೋಡ್ತೀವಿ, ಗೆದ್ದಾಗ ಫೋಟೋ ತೆಗೆಸ್ಕೊಂಡು ಮನೆಗೆ ಹೋಗ್ತೀವಿ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಪಂದ್ಯಗಳ ಮೇಲೆ 2015ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ತೋರಿಸಿತು. ಒಂದು ಪಾಯಿಂಟ್‌ನಿಂದ ಗೆದ್ರೂ ಒಂದು ಪಾಯಿಂಟ್‌ನಿಂದ ಸೋತ್ರೂ ತಂಡ ಆಡಿದ ಆಟ ಹೆಚ್ಚೂಕಮ್ಮಿ ಒಂದೇ, ಕೊನೇ ಚೆಂಡು ಬಳೆಗೆ ತಾಗಿ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಷ್ಟೇ. ಆದ್ರೆ ಸ್ವಲ್ಪದರಲ್ಲಿ ಸೋತ ಕೋಚ್‌ಗಳು ಮುಂದಿನ ಪಂದ್ಯಕ್ಕೆ ಆಡೋ ಐದು ಜನರನ್ನ ಬದಲಿಸೋದು ಜಾಸ್ತಿ, ಸ್ವಲ್ಪದರಲ್ಲಿ ಗೆದ್ದವರು ಮುಟ್ಟೋದೇ ಕಮ್ಮಿ.

ಇದು ಕೋಚ್‌ಗಳಿಗೆ ಮಾತ್ರ ಅಂಟಿದ ಗುಣ ಅನ್ಕೋಬೇಡಿ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದ್ದ, ನಾನು ಇದನ್ನ ಸಿಕ್ಕಿದವರಿಗೆಲ್ಲ ಹೇಳ್ತೀನಿ. ಮೂರು ಜಾಡಿಗಳಿಂದ ಇಷ್ಟು ನೀರು ಅಳೆದು ಕೊಡಿ ಅನ್ನೋ ಲೆಕ್ಕಗಳು. ಮೊದಮೊದಲ ಲೆಕ್ಕಗಳಿಗೆ ಒಂದೇ ದಾರಿ: ಮಧ್ಯದ ದೊಡ್ಡ ಜಾಡಿ ತುಂಬಿಸಿ, ಅದರಿಂದ ಮೊದಲನೇ ಜಾಡಿಯಷ್ಟು ಒಂದು ಸಲ, ಮೂರನೇ ಜಾಡಿಯಷ್ಟು ಎರಡು ಸಲ ತೆಗೆದ್ರೆ ಉತ್ತರ. ಆಮೇಲೆ 23, 49, 3 ಅಳತೆಯ ಜಾಡಿ ಕೊಟ್ಟು 20 ಅಳೀರಿ ಅಂತಾನೆ. 23ರಲ್ಲಿ 3 ತೆಗೆದ್ರೆ ಮುಗೀತು. ಆದ್ರೆ ಅಭ್ಯಾಸ ಬಿದ್ದವರು 49 ತುಂಬಿಸಿ, 23 ತೆಗೆದು, 3 ತೆಗೆದು, ಇನ್ನೊಂದು 3 ತೆಗೆದು ಸುತ್ತಾಡಿ ಬರ್ತಾರೆ. ಗಮನಿಸಿ, ಆ ಸುತ್ತುದಾರೀಲೂ ಉತ್ತರ 20ಕ್ಕೇ ಬರುತ್ತೆ, ಹಾಗಾಗಿ ದಾರಿ ಸುತ್ತು ಅಂತ ಅವರಿಗೆ ಗೊತ್ತೇ ಆಗಲ್ಲ. ಮುಂದೆ 28, 76, 3 ಕೊಟ್ಟು 25 ಕೇಳ್ತಾನೆ. ಇಲ್ಲಿ ಹಳೇ ದಾರಿ ಕೆಲಸ ಮಾಡಲ್ಲ, 28ರಲ್ಲಿ 3 ಕಳೆಯೋದೊಂದೇ ದಾರಿ. ಅಭ್ಯಾಸ ಇಲ್ಲದವರಿಗೆ ಇದು ಸುಲಭ, ಅಭ್ಯಾಸ ಆದವರಲ್ಲಿ ಎಷ್ಟೋ ಜನ ಕೈಚೆಲ್ಲಿ ಕೂತರು. ಅವರು ದಡ್ಡರೂ ಅಲ್ಲ, ಅಹಂಕಾರಿಗಳೂ ಅಲ್ಲ, ಒಂದೇ ದಾರೀಲಿ ಸುಮಾರು ಸಲ ಗೆದ್ದವರು ಅಷ್ಟೇ.

ನನ್ನದೇ ಒಂದು ಕಥೆ ಹೇಳ್ಬೇಕು. ಕಾಲೇಜಲ್ಲಿ ನಾನು ವಾಲಿಬಾಲ್ ತಂಡದ ಸೆಟ್ಟರ್. ನಮ್ಮ ಕೋಚ್ ಪ್ಲಾನ್ ಸರಳ, ಎಡಗಡೆ ನಮ್ಮ ಎತ್ತರದ ಹುಡುಗನಿಗೆ ಚೆಂಡು ಎತ್ತಿ ಕೊಡು, ಅವನು ಹೊಡೀತಾನೆ. ಎರಡು ವರ್ಷ ಹಾಗೇ ಗೆದ್ವಿ. ಎರಡನೇ ವರ್ಷದ ಸೆಮಿಫೈನಲ್‌ನಲ್ಲಿ ಎದುರಿನವರು ಇದನ್ನ ಕಂಡುಹಿಡಿದಿದ್ರು, ನಾನು ಚೆಂಡು ಮುಟ್ಟೋ ಮೊದ್ಲೇ ಇಬ್ಬರು ಬ್ಲಾಕರ್‌ಗಳು ಅಲ್ಲಿ ಹೋಗಿ ನಿಂತಿರ್ತಿದ್ರು. ಕೊನೇ ಸೆಟ್ 15-13ಕ್ಕೆ ಗೆದ್ವಿ, ಅದೂ ಅವರು ಎರಡು ಸರ್ವ್ ನೆಟ್‌ಗೆ ಹೊಡೆದಿದ್ದಕ್ಕೆ. ಮಧ್ಯದಿಂದ ಆಡೋಣ ಸರ್ ಅನ್ನೋ ಮಾತು ನನ್ನ ನಾಲಿಗೆ ತುದೀಲಿತ್ತು. ಆದ್ರೆ ಎಲ್ಲರೂ ಕುಣೀತಿದ್ರು, ಕೋಚ್‌ನ ಹೆಗಲ ಮೇಲೆ ಹೊತ್ತಿದ್ರು, ಆಗ ಯಾರು ಹೇಳ್ತಾರೆ? ಮುಂದಿನ ವರ್ಷದ ಫೈನಲ್‌ನಲ್ಲಿ ಅದೇ ಎಡಗಡೆ, ಅದೇ ಇಬ್ಬರು ಬ್ಲಾಕರ್, ಮೂರು ಸೆಟ್ ನೇರವಾಗಿ ಸೋತ್ವಿ. ಅವತ್ತು ಸಂಜೆ ಬಸ್‌ನಲ್ಲಿ ಕೋಚ್ ನನ್ನ ಪಕ್ಕ ಬಂದು ಕೂತು, ಹೋದ ವರ್ಷವೇ ನಿಂಗೆ ಗೊತ್ತಾಗಿತ್ತೇನೋ ಅಂದ್ರು. ಹೂಂ ಸರ್ ಅಂದೆ. ಮತ್ಯಾಕೋ ಹೇಳ್ಲಿಲ್ಲ ಅಂದ್ರು. ಗೆದ್ದಿದ್ವಲ್ಲ ಸರ್ ಅಂದೆ. ಅವರು ಆಮೇಲೆ ಊರು ಬರೋವರೆಗೂ ಮಾತಾಡ್ಲಿಲ್ಲ. ಅಹಂಕಾರಿ ಆಗಿದ್ರೆ ಆ ಮನುಷ್ಯ ನನ್ನ ಪಕ್ಕ ಬಂದು ಕೂರ್ತಿರಲಿಲ್ಲ.

ಫುಟ್‌ಬಾಲ್‌ನ ಹಳೇ ಕಥೆ ನೋಡಿ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯ್ತು, ಮುಂದಿರೋ ಆಟಗಾರ ಮತ್ತೆ ಗೋಲ್ ಗೆರೆ ನಡುವೆ ಮೂವರು ಎದುರಾಳಿಗಳು ಇರಬೇಕಿದ್ದಿದ್ದು ಇಬ್ಬರಾದ್ರೆ ಸಾಕು ಅಂತ ಆಯ್ತು, ದಾಳಿ ಮಾಡೋದು ಸುಲಭ ಆಯ್ತು. ಮೈದಾನದ ಮಧ್ಯೆ ಆಡೋ ಸೆಂಟರ್ ಹಾಫ್‌ನ ಹಿಂದಕ್ಕೆ ಕರೆಸಿ ಡಿಫೆನ್ಸ್‌ನಲ್ಲಿ ನಿಲ್ಲಿಸೋಣ ಅಂತ ಆರ್ಸೆನಲ್‌ನ ಆಟಗಾರ ಚಾರ್ಲಿ ಬುಕನ್ ಹೇಳ್ತಾನೇ ಇದ್ದ. ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್ ಅದನ್ನ ಕೇಳಿದ್ದು ಯಾವಾಗ? ಆ ಅಕ್ಟೋಬರ್‌ನಲ್ಲಿ ನ್ಯೂಕಾಸಲ್ ಹತ್ರ 7-0 ಸೋತ ಮೇಲೆ. ಅಲ್ಲಿಂದ ಬೆಳೆದಿದ್ದೇ ಡಬ್ಲ್ಯೂಎಂ ಅನ್ನೋ ಹೆಸರಾದ ರಚನೆ, ಆಟಗಾರರು ನಿಲ್ಲೋ ಆಕಾರ W, M ಅಕ್ಷರಗಳ ಥರ. ಅದು ಎಷ್ಟು ಗೆದ್ದು ಕೊಡ್ತು ಅಂದ್ರೆ ಮುಂದೆ ಇಂಗ್ಲೆಂಡ್‌ಗೆ ಅದೇ ವೇದವಾಕ್ಯ ಆಯ್ತು. ಬ್ರಿಟಿಷ್ ದ್ವೀಪಗಳ ಆಚೆಯ ಯಾವ ತಂಡಕ್ಕೂ ತವರಲ್ಲಿ ಸೋಲದೆ 1953ರ ನವೆಂಬರ್‌ವರೆಗೂ ಬಂದ್ರು, ಆಗ ಲಂಡನ್‌ನ ವೆಂಬ್ಲಿ ಮೈದಾನಕ್ಕೆ ಹಂಗೇರಿ ಬಂತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್ಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಬಂದು ಆಡ್ತಿದ್ದ, ಇಂಗ್ಲೆಂಡ್‌ನ ಸೆಂಟರ್ ಹಾಫ್‌ಗೆ ಅವನ ಹಿಂದೆ ಹೋಗ್ಬೇಕೋ ಇಲ್ಲೇ ನಿಲ್ಲಬೇಕೋ ಗೊತ್ತಾಗ್ಲಿಲ್ಲ. 6-3ಕ್ಕೆ ಹಂಗೇರಿ ಗೆದ್ದಿತು. ಹಿಡೆಗ್ಕುಟಿ ಒಬ್ಬನೇ ಮೂರು ಗೋಲು. ಆರು ತಿಂಗಳಾದ ಮೇಲೆ ಬುಡಾಪೆಸ್ಟ್‌ನಲ್ಲಿ 7-1. ಇದರಲ್ಲಿ ಯಾರ ಅಹಂಕಾರ ಅಂತೀರಿ? ಮ್ಯಾನೇಜರ್ ವಿಂಟರ್‌ಬಾಟಮ್‌ಗೆ ತಂಡ ಆರಿಸೋ ಪೂರ್ತಿ ಅಧಿಕಾರವೇ ಇರಲಿಲ್ಲ, ಆರಿಸ್ತಿದ್ದಿದ್ದು ಒಂದು ಸಮಿತಿ.

ಇನ್ನು ನಿಮ್ಮ ಎರಡನೇ ಮಾತು, ಸೋತ ತಕ್ಷಣ ಮನೆಗೆ ಕಳಿಸಿ ಅನ್ನೋದು. ಇಲ್ಲಿ ನಿಮ್ಮನ್ನ ಸ್ವಲ್ಪ ಗದರಿಸಲೇಬೇಕು. ಹೊಸದು ಮಾಡಿದ ಕೋಚ್‌ಗೆ ನಾವೇನು ಮಾಡ್ತೀವಿ ಅಂತ ನೋಡಿದ್ದೀರಾ? ಅಮೆರಿಕನ್ ಫುಟ್‌ಬಾಲ್‌ನಲ್ಲಿ (ಚೆಂಡನ್ನ ಕೈಯಲ್ಲಿ ಹಿಡಿದು ಓಡೋ ಆಟ) ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದ್ರೆ ನಾಲ್ಕನೇದರಲ್ಲಿ ಚೆಂಡನ್ನ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು ವಾಡಿಕೆ. ಡೇವಿಡ್ ರೋಮರ್ ಅನ್ನೋ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ, ತಂಡಗಳು ಒದೆಯೋದು ಬಿಟ್ಟು ಇನ್ನೂ ಎಷ್ಟೋ ಜಾಸ್ತಿ ಸಲ ಆಡೋ ಪ್ರಯತ್ನ ಮಾಡ್ಬೇಕು ಅಂತ 2006ರಲ್ಲಿ ಬರೆದ. ಲೆಕ್ಕ ಇದ್ರೂ ಕೋಚ್‌ಗಳು ಒದೀತಾನೇ ಇದ್ರು. 2009ರ ನವೆಂಬರ್‌ನಲ್ಲಿ, ಅಷ್ಟರಲ್ಲಾಗಲೇ ಆ ಆಟದ ಅತಿ ದೊಡ್ಡ ಕಪ್ ಆದ ಸೂಪರ್ ಬೌಲ್ ಮೂರು ಸಲ ಗೆದ್ದಿದ್ದ ಪೇಟ್ರಿಯಟ್ಸ್ ತಂಡದ ಕೋಚ್ ಬಿಲ್ ಬೆಲಿಚಿಕ್, ಎದುರಾಳಿ ಕೋಲ್ಟ್ಸ್ ಮೇಲೆ 34-28 ಮುಂದಿದ್ದಾಗ, ಆಟ ಮುಗಿಯೋಕೆ ಎರಡೇ ನಿಮಿಷ ಇದ್ದಾಗ, ತನ್ನದೇ ಅಂಗಳದ 28 ಯಾರ್ಡ್ ಗೆರೆಯಲ್ಲಿ ನಾಲ್ಕನೇ ಅವಕಾಶವನ್ನ ಆಡಿಸಿಬಿಟ್ಟ. ಬೇಕಿದ್ದಿದ್ದು ಎರಡು ಯಾರ್ಡ್, ಸಿಗಲಿಲ್ಲ, ಚೆಂಡು ಅಲ್ಲೇ ಎದುರಾಳಿ ಕೈಗೆ ಹೋಯ್ತು, ಕೋಲ್ಟ್ಸ್ 35-34 ಗೆದ್ದರು. ಆ ವಾರ ಅವನ ಮೇಲೆ ಸುರಿದ ಬೈಗುಳ ಕೇಳಬೇಡಿ. ಲೆಕ್ಕ ಗೊತ್ತಿದ್ದವರು ಅವನ ನಿರ್ಧಾರ ತಪ್ಪಲ್ಲ ಅಂದ್ರು, ಆದ್ರೆ ಸ್ಕೋರ್‌ಬೋರ್ಡ್ ಮುಂದೆ ಲೆಕ್ಕ ಯಾರಿಗೆ ಬೇಕು? ಅವತ್ತು ಒದ್ದು ಸೋತಿದ್ರೆ ಯಾರೂ ಒಂದು ಸಾಲೂ ಬರೀತಿರಲಿಲ್ಲ. ಉಳಿದ ಕೋಚ್‌ಗಳೆಲ್ಲ ಇದನ್ನ ನೋಡ್ತಿರ್ತಾರೆ ಸ್ವಾಮಿ, ಅವರಿಗೂ ಕೆಲಸ ಉಳೀಬೇಕು.

ನಮ್ಮ ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಹೊತ್ತಲ್ಲಿ ಗೋಲ್‌ಕೀಪರ್‌ಗಳದ್ದೂ ಇದೇ ಪಾಡು. 286 ಪೆನಾಲ್ಟಿಗಳನ್ನ ನೋಡಿದ 2007ರ ಅಧ್ಯಯನವೊಂದರಲ್ಲಿ ಕೀಪರ್ ಮಧ್ಯದಲ್ಲೇ ನಿಂತಿದ್ದು ಶೇ. 6.3 ಸಲ ಮಾತ್ರ, ನಿಂತಾಗ ಹತ್ತಿರಹತ್ತಿರ ಮೂರಕ್ಕೊಂದು ತಡೆದಿದ್ರು, ಹಾರಿದಾಗ ಅದರ ಅರ್ಧದಷ್ಟೂ ಇಲ್ಲ. ಆದ್ರೂ ಹಾರ್ತಾರೆ, ಯಾಕಂದ್ರೆ ಸುಮ್ನೆ ನಿಂತು ಗೋಲ್ ಬಿಟ್ರೆ ನಾವು ಬೈತೀವಿ.

ಹಾಗಾದ್ರೆ ಬದಲಾಗೋರು ಯಾರು? ಕಳ್ಕೊಳ್ಳೋಕೆ ಏನೂ ಇಲ್ಲದವರು. ಏಕದಿನ ಕ್ರಿಕೆಟ್‌ನಲ್ಲಿ ಆಗ ಮೊದಲ 15 ಓವರ್ ಸರ್ಕಲ್ ಹೊರಗೆ ಇಬ್ಬರೇ ಫೀಲ್ಡರ್ ಅನ್ನೋ ನಿಯಮ ಇತ್ತು, ಎಲ್ಲ ತಂಡಗಳಿಗೂ ಒಂದೇ. 1992ರ ವಿಶ್ವಕಪ್‌ನಲ್ಲಿ ಎಂಟು ಪಂದ್ಯದಲ್ಲಿ ಎರಡೇ ಗೆದ್ದಿದ್ದ ಶ್ರೀಲಂಕಾ 1996ರಲ್ಲಿ ಜಯಸೂರ್ಯ, ಕಲುವಿತರಣ ಇಬ್ಬರನ್ನೂ ಮೊದಲ ಚೆಂಡಿಂದಲೇ ಹೊಡೆಯೋಕೆ ಬಿಟ್ಟು ಕಪ್ ಎತ್ಕೊಂಡು ಹೋಯ್ತು.

ಇಷ್ಟಕ್ಕೂ ಇದು ಮೈದಾನದ ಸಮಸ್ಯೆ ಮಾತ್ರ ಆಗಿದ್ರೆ ನಾನು ಇಷ್ಟುದ್ದ ಬರೀತಿರಲಿಲ್ಲ. ಮಕ್ಕಳು ಫಸ್ಟ್ ಕ್ಲಾಸ್ ತಂದ್ರೆ ಹೇಗೆ ಓದಿದೆ ಅಂತ ಒಬ್ಬ ಅಪ್ಪ ಅಮ್ಮನೂ ಕೇಳಲ್ಲ, ಫೇಲಾದ್ರೆ ಮಾತ್ರ ಟೈಮ್‌ಟೇಬಲ್ ಬರೆಸ್ತಾರೆ. ಆಫೀಸಲ್ಲಿ ಟಾರ್ಗೆಟ್ ಮುಟ್ಟಿದ ಟೀಮ್‌ನಲ್ಲಿ ಏನು ಹುಳುಕಿದೆ ಅಂತ ಯಾರೂ ನೋಡಲ್ಲ. ಪತ್ರಿಕೆಗಳೂ ಹಾಗೇ, ಒಂದು ಗೋಲಿನಿಂದ ಗೆದ್ರೆ ಚಾಣಕ್ಯ, ಮುಂದಿನ ವಾರ ಒಂದು ಗೋಲಿನಿಂದ ಸೋತ್ರೆ ಹಠಮಾರಿ, ಅದೇ ಮನುಷ್ಯ, ಅದೇ ಪ್ಲಾನ್. ಗೆದ್ದೆತ್ತಿನ ಬಾಲ ಹಿಡ್ಕೊಂಡು ಓಡೋದು ನಾವು, ಎತ್ತು ದಾರಿ ಬದಲಿಸ್ಲಿಲ್ಲ ಅಂತ ಬೈಯೋದೂ ನಾವೇ. ನನಗೆ ಇದು ನಿಜವಾಗ್ಲೂ ಸಿಟ್ಟು ಬರೋ ವಿಷಯ.

ನಿಮ್ಮ ಕೋಚ್‌ನ ಮನೆಗೆ ಕಳಿಸಿ ಅಂತ ನಾನು ಬರೆಯಲ್ಲ. ಬದಲಿಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಮುಂದಿನ ಸಲ ನಿಮ್ಮ ತಂಡ ಒಂದೇ ಗೋಲಿನಿಂದ ಗೆದ್ದ ರಾತ್ರಿ, ಸಂಭ್ರಮ ಮುಗಿಸಿ, ಎಲ್ಲೆಲ್ಲಿ ಪ್ಲಾನ್ ಕೆಟ್ಟಿತ್ತು, ಎಲ್ಲಿ ಬರೀ ಅದೃಷ್ಟ ಕೈಹಿಡೀತು ಅಂತ ಇಷ್ಟೇ ಖಾರವಾಗಿ ಒಂದು ಪತ್ರ ಬರೀರಿ. ಒಂದಕ್ಷರ ಕತ್ತರಿಸದೆ ಹಾಕ್ತೀನಿ.