ಕೂತಾಗ 95, ನಡೆದಾಗ?

ಸೋಮವಾರಪೇಟೆ ಕಡೆಯ ದಂಪತಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡನಿಗೆ ಅರವತ್ತು ದಾಟಿದೆ, ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೀಡಿ ಬಿಟ್ಟು ವರ್ಷಗಳಾದರೂ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅವರನ್ನು ಬಿಟ್ಟಿಲ್ಲ.

ಜಗಳ ಶುರುವಾಗಿದ್ದು ಕೊರೊನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರಿನಿಂದ, ಅಂದರೆ ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಎಷ್ಟೆಂದು ಬೆರಳಿನಲ್ಲೇ ತೋರಿಸುವ ಯಂತ್ರದಿಂದ. "ಮೇಡಂ, ಇವರ ಬೆರಳಿಗೆ ಹಾಕಿದ್ರೆ 95 ತೋರಿಸ್ತದೆ. ಗೇಟಿನ ತನಕ ಹೋಗಿ ಹಾಲು ತನ್ನಿ ಅಂದ್ರೆ ಆಗಲ್ಲ ಅಂತಾರೆ. ಸುಮ್ನೆ ನಾಟಕ" ಎಂದರು ಹೆಂಡತಿ.

ವೈದ್ಯರು 6 ನಿಮಿಷದ ನಡಿಗೆ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಇವರು ತಪ್ಪಿಸಿಕೊಂಡೇ ಓಡಾಡುತ್ತಿದ್ದರು. ಹೆಂಡತಿಯನ್ನು ಹೊರಗೆ ಕೂರಿಸಿ ಯಾಕೆಂದು ಕೇಳಿದೆ. "ನಡುವೆ ನಿಂತುಬಿಟ್ರೆ ಫೇಲ್ ಅಲ್ವಾ?"

ಪಾಸು, ಫೇಲು ಅಲ್ಲಿಲ್ಲ ಎಂದೆ. 30 ಮೀಟರ್ ಸಮತಟ್ಟು ಜಾಗದಲ್ಲಿ ಹೋಗಿ ಬರುತ್ತಾ ಆರು ನಿಮಿಷದಲ್ಲಿ ಒಟ್ಟು ಎಷ್ಟು ದೂರ ನಡೆದಿರಿ ಎಂದು ನೋಡುವುದು, ಅಷ್ಟೇ. (ನಮ್ಮ ಕೊಡಗಿನಲ್ಲಿ ಅಂಥ ಜಾಗ ಆಸ್ಪತ್ರೆ ವರಾಂಡದಲ್ಲೇ ಹುಡುಕಬೇಕು.) ಸುಸ್ತಾದರೆ ಗೋಡೆಗೆ ಒರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಶುರುವಿನಲ್ಲೇ ಬಿರಬಿರನೆ ಹೋಗಬೇಡಿ. ದಿನಾ ಹಾಕುವ ಚಪ್ಪಲಿಯೇ ಸಾಕು, ಊರುಗೋಲು ಇದ್ದರೆ ಅದೂ ಇರಲಿ. ಏದುಸಿರು ಎಷ್ಟು ಎಂದು 0ಯಿಂದ 10ರೊಳಗೆ ಕೇಳುತ್ತಾರೆ. ನಿಜ ಹೇಳಿ. ನಮ್ಮ ಕಡೆ ಗಂಡಸರು ಏದುಸಿರು ಬಿಡುತ್ತಲೇ "ಎರಡು" ಅನ್ನುತ್ತಾರೆ.

ಹೋದರು. ನಡೆದದ್ದು 290 ಮೀಟರ್, ಒಂದು ಸಲ ನಿಂತರು. ಆಕ್ಸಿಜನ್ 86ಕ್ಕೆ ಇಳಿದಿತ್ತು. ಆ ಅಂಕಿಯನ್ನು ಹೆಂಡತಿ ಕಣ್ಣಾರೆ ನೋಡಿದ್ದರು. ಕೂತಾಗಿನ 95 ಕೂತಾಗಿನ ಕಥೆ ಮಾತ್ರ. ನಡೆಯುವಾಗ ಮೈಗೆ ಜಾಸ್ತಿ ಆಕ್ಸಿಜನ್ ಬೇಕು, ಹಾಳಾದ ಶ್ವಾಸಕೋಶಕ್ಕೆ ಅಷ್ಟು ಪೂರೈಸಲು ಆಗುವುದಿಲ್ಲ. ಅದೂ ಇದು ಸಮತಟ್ಟು ನೆಲದ ಲೆಕ್ಕ. ಅವರ ಮನೆಯಿಂದ ಗೇಟಿಗೆ ಇಳಿಜಾರು, ವಾಪಸ್ ಬರುವಾಗ ಪೂರ್ತಿ ಏರು.

ಹೆಂಡತಿಗೆ ಹೇಳಿದ್ದು: ನಾಟಕ ಎಂಬ ಮಾತು ಇನ್ನು ಬೇಡ, ಹಾಗಂತ ಕುರ್ಚಿಯಲ್ಲೇ ಕೂರಿಸಿಡುವುದೂ ಬೇಡ. ಅವರಿಗೆ ಹೇಳಿದ್ದು: ಏರಿನಲ್ಲಿ ಉಸಿರು ಕಟ್ಟುವ ಮೊದಲೇ ನಿಲ್ಲಿ, ತುಟಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡಿ. 86ರ ವಿಚಾರ ವೈದ್ಯರ ಹತ್ತಿರ ಮಾತಾಡಿ, ನೀವಾಗಿ ಆಕ್ಸಿಜನ್ ಮೆಷಿನ್ ತರಬೇಡಿ. ಶ್ವಾಸಕೋಶ ಪುನಶ್ಚೇತನದ ವ್ಯಾಯಾಮಕ್ಕೆ ಸೇರಿ. ಕೆಲವು ವಾರದ ನಂತರ ಮತ್ತೆ ನಡೆಸಿದಾಗ 30 ಮೀಟರಿನಷ್ಟು ಜಾಸ್ತಿ ಬಂದರೆ ಅದು ನಿಜವಾದ ಸುಧಾರಣೆ. ಐದೋ ಹತ್ತೋ ಮೀಟರ್ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ.