ಬಿರುಕು ಬಿಡುವುದೆಲ್ಲ ಒಳಗೇ ಬಿಡಲಿ

ಕೈಕೆಲಸ: ಓದುಗರ ಪ್ರಶ್ನೆಗೆ ಕಲಬುರಗಿಯ ಬೊಂಬೆ ಅಕ್ಕನ ಉತ್ತರ

ಪ್ರಶ್ನೆ: ಅಕ್ಕ, ಮಗಳಿಗೆ ಬಟ್ಟೆಯ ಮೈ, ಕ್ಲೇ ತಲೆ ಇರುವ ಬೊಂಬೆ ಮಾಡಲು ಹೊರಟೆ. ಥರ್ಮೋಕೋಲ್ ಗುಂಡಿನ ಮೇಲೆ, ಗಾಳಿಗೇ ಒಣಗುವ ಕ್ಲೇ ಹಚ್ಚಿದೆ. ಮುಖ ಚೆನ್ನಾಗೇ ಬಂದಿತ್ತು. ಮಾರನೇ ದಿನ ನೋಡಿದರೆ ಹಣೆಯಿಂದ ಗದ್ದದವರೆಗೆ ಸೀಳು. ಎರಡು ಸಲವೂ ಹೀಗೇ ಆಯಿತು. ಕ್ಲೇ ಕೆಟ್ಟದ್ದಾ, ನನ್ನ ಕೈ ಕೆಟ್ಟದ್ದಾ?
ಗೃಹಿಣಿ, ಸೇಡಂ

ಉತ್ತರ: ಎರಡೂ ಅಲ್ರೀ. ಕ್ಲೇಯಲ್ಲಿರುವ ನೀರು ಆರಿದ ಹಾಗೆಲ್ಲ ಅದು ಕುಗ್ಗುತ್ತದೆ. ಒಳಗಿನ ಗುಂಡು ಮಾತ್ರ ಇದ್ದಷ್ಟೇ ಇರುತ್ತದೆ. ಮೂರು ವರ್ಷದ ಹಿಂದಿನ ಕುಪ್ಪಸ ಈಗ ಹಾಕಿಕೊಂಡ ಹಾಗೆ, ಎಲ್ಲೋ ಒಂದು ಕಡೆ ಹರಿಯಲೇಬೇಕು. ನಮ್ಮ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ನೆನೆಸಿಕೊಳ್ಳಿ. ಒಳಗೆ ಗುಂಡಿಲ್ಲ, ಬರೀ ಮಣ್ಣು. ಇಡೀ ಎತ್ತು ಒಟ್ಟಿಗೆ ಕುಗ್ಗುತ್ತದೆ. ಕೋಡು ಮುರಿದೀತು, ಹೊಟ್ಟೆ ಸೀಳುವುದು ಕಮ್ಮಿ.

ನಾನು ಮೊದಲ ತಲೆ ಮಾಡಿದ್ದು ನಮ್ಮ ಹೊಲದ ಎರೆ ಮಣ್ಣಿನಲ್ಲಿ. ಪೈಸೆ ಖರ್ಚಿಲ್ಲ ಅಂತ ಖುಷಿ. ಹಳೇ ರಬ್ಬರ್ ಚೆಂಡಿಗೆ ಹಚ್ಚಿ ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲಿಟ್ಟೆ. ಸಂಜೆ ಹತ್ತಿ ನೋಡಿದರೆ ಮುಖದ ತುಂಬ ಬಿರುಕು, ಒಂದು ಕಿವಿ ಕೆಳಗೆ ಬಿದ್ದಿತ್ತು. ನಮ್ಮವ್ವ ನೋಡಿ, "ಇದೇನಬೇ, ಬ್ಯಾಸಗಿ ಹೊಲಾನೇ ತಂದು ಮಾಳಿಗಿ ಮ್ಯಾಲ ಇಟ್ಟೀಯಲ್ಲ" ಅಂದಳು. ಸರಿಯಾಗೇ ಅಂದಿದ್ದಳು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಅಷ್ಟೇ ಜೋರಾಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಅದಕ್ಕೇ. ತೊಗರಿಗೆ ಚಲೋ, ಬೊಂಬೆಯ ಮುಖಕ್ಕಲ್ಲ.

ಈಗ ನಾನು ಮಾಡುವ ರೀತಿ ಹೇಳ್ತೀನಿ. ನುಣ್ಣನೆಯ ಥರ್ಮೋಕೋಲನ್ನು ಕ್ಲೇ ಸರಿಯಾಗಿ ಹಿಡಿಯುವುದಿಲ್ಲ. ಪೇಪರ್ ಚೂರುಗಳನ್ನು ಫೆವಿಕಾಲ್ ನೀರಲ್ಲಿ ಅದ್ದಿ ಗುಂಡಿನ ಸುತ್ತ ಎರಡು ಸಲ ಅಂಟಿಸಿ, ಪೂರ್ತಿ ಒಣಗಿಸಿ. ಆಮೇಲೆ ಮೊದಲ ಪದರ: 3 ಮಿ.ಮೀ. ದಪ್ಪ, ಸುತ್ತಲೂ ಒಂದೇ ಸಮ. ಹಣೆ ತೆಳ್ಳಗೆ, ಕೆನ್ನೆ ದಪ್ಪಗೆ ಆದರೆ ತೆಳುವಾದದ್ದು ಮೊದಲು ಒಣಗಿ ಎಳೆಯುತ್ತದೆ, ಸೀಳು ಅಲ್ಲಿಂದಲೇ ಶುರು. ನಾನು ಒಂದು ಸೂಜಿಯ ತುದಿಯಿಂದ 3 ಮಿ.ಮೀ. ಮೇಲೆ ಕೆಂಪು ದಾರ ಸುತ್ತಿ ಇಟ್ಟುಕೊಂಡಿದ್ದೇನೆ. ಹಸಿ ಕ್ಲೇಯಲ್ಲಿ ಅಲ್ಲಲ್ಲಿ ಚುಚ್ಚುತ್ತೇನೆ. ತುದಿ ಗುಂಡಿಗೆ ತಾಗುವ ಹೊತ್ತಿಗೆ ದಾರ ಮುಳುಗಿದ್ದರೆ ಅಲ್ಲಿ ದಪ್ಪ ಜಾಸ್ತಿ. ದಾರ ಮೇಲೇ ಉಳಿದರೆ ಅಲ್ಲಿಗೆ ಇನ್ನಷ್ಟು ಬೇಕು.

ಈ ಪದರ ಬರೀ ತಲೆಬುರುಡೆ. ಇದರಲ್ಲಿ ಮುಖ ಮಾಡಲು ಹೋಗಬೇಡಿ. ನೀವು ಮೊದಲ ಪದರದಲ್ಲೇ ಮೂಗು, ಬಾಯಿ ಎಲ್ಲ ಮುಗಿಸಿದಿರಿ, ಅಲ್ವಾ? ಬಿಡುವ ಬಿರುಕೆಲ್ಲ ಇದರಲ್ಲೇ ಬಿಡಲಿ. ಅದೇ ಕ್ಲೇಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಿರುಕಿಗೆ ತುಂಬಿ, ಒಣಗಿಸಿ. ಆಮೇಲೆ ದಬ್ಬಣದಿಂದ ಮೇಲ್ಮೈ ಗೀರಿ, ಅದೇ ಹಿಟ್ಟು ಸವರಿ, ಅದರ ಮೇಲೆ ಮೂಗು, ಕೆನ್ನೆ, ತುಟಿ ಕೂರಿಸಿ. ಗೀರದೆ ಹಚ್ಚಿದ ಮೂಗು ಒಂದಲ್ಲ ಒಂದು ದಿನ ಕೈಗೆ ಬರುತ್ತದೆ.

ಇನ್ನೆರಡು ಮಾತು. ಕ್ಲೇ ಚೆನ್ನಾಗಿ ನಾದಿ. ಜೋಳದ ಹಿಟ್ಟು ನಾದದಿದ್ದರೆ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದಲ್ಲ, ಇದೂ ಹಾಗೇ. ನುಣುಪು ಬರಲಿ ಅಂತ ಬೆರಳನ್ನು ಮತ್ತೆ ಮತ್ತೆ ನೀರಲ್ಲಿ ಅದ್ದಿ ಸವರುವ ಚಟ ಬಿಡಿ. ನೀರು ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ. ಬಿಸಿಲಂತೂ ಬೇಡವೇ ಬೇಡ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಹೊಸದೇನಲ್ಲ. ಮೇಲಿನ ಸಿಪ್ಪೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ತಲೆಯನ್ನು ಕಡ್ಡಿಗೆ ಸಿಕ್ಕಿಸಿ, ಉಸುಕು ತುಂಬಿದ ಬಾಟಲಿಯಲ್ಲಿ ನಿಲ್ಲಿಸಿ, ಮೇಲೆ ಬಕೆಟ್ ಬೋರಲು ಹಾಕಿ. ಮೂರು ನಾಲ್ಕು ದಿನ ಹಿಡಿದರೆ ಹಿಡಿಯಲಿ. ಕತ್ತಿನ ಬುಡದಲ್ಲಿ ಸುತ್ತಲೂ ಒಂದು ತೋಡು ಬಿಡಲು ಮರೆಯಬೇಡಿ. ಬಟ್ಟೆಯ ಮೈಯನ್ನು ದಾರ ಹಾಕಿ ಕಟ್ಟುವುದು ಅಲ್ಲೇ.

ಪ್ರಶ್ನೆ: ಎಷ್ಟು ಸಲ ಮಾಡಿದರೂ ನನ್ನ ಪಾಪು ಬೊಂಬೆ ಮುದುಕನ ಹಾಗೆ ಕಾಣುತ್ತದೆ. ಗೆಳೆಯರು ನಗುತ್ತಾರೆ.
ಕಾಲೇಜು ವಿದ್ಯಾರ್ಥಿ, ಅಫಜಲಪುರ

ಉತ್ತರ: ನಗಲಿ ಬಿಡಪ್ಪ. ನೀನು ಕಣ್ಣನ್ನು ಮೇಲಿಟ್ಟಿದ್ದೀಯ. ಎಲ್ಲರೂ ಮಾಡುವ ತಪ್ಪೇ ಇದು. ಕಣ್ಣು ಹಣೆಯ ಹತ್ತಿರ ಇದೆ ಅಂತ ನಮಗೆ ಅನ್ನಿಸುತ್ತದೆ. ಕನ್ನಡಿ ಮುಂದೆ ನಿಂತು ಪಟ್ಟಿ ಹಿಡಿದು ನೋಡು. ನೆತ್ತಿಯಿಂದ ಗದ್ದದವರೆಗೆ ಅಳೆದರೆ ದೊಡ್ಡವರ ಕಣ್ಣು ಸರಿಯಾಗಿ ಅರ್ಧಕ್ಕೆ ಬರುತ್ತದೆ. ಮಕ್ಕಳದ್ದು ಅರ್ಧಕ್ಕಿಂತ ಕೆಳಗೆ. ಹಣೆ ದೊಡ್ಡದು, ಮೂಗು ಗಿಡ್ಡ, ಗದ್ದ ಸಣ್ಣದು. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ ಬಿಡು.

ಮೂಗಿನಿಂದ ಶುರು ಮಾಡಬೇಡ. ಮೊದಲು ಎರಡೂ ಹೆಬ್ಬೆರಳಿಂದ ಒಟ್ಟಿಗೆ ಒತ್ತಿ ಕಣ್ಣಿನ ಗುಳಿ ಮಾಡು. ಒಂದಾದ ಮೇಲೆ ಒಂದು ಒತ್ತಿದರೆ ಮೇಲೆ ಕೆಳಗೆ ಆಗುತ್ತದೆ. ಆ ಎರಡು ಗುಳಿಯ ನಡುವೆ ಉಳಿದ ದಿಬ್ಬವೇ ಮೂಗು ಎಲ್ಲಿ ಬೇಕು ಅಂತ ತೋರಿಸುತ್ತದೆ. ನಿಂಬೆಹಣ್ಣಿನಷ್ಟು ತಲೆಗೆ ಪಾಪುವಿನ ಮೂಗು ಒಂದು ತೊಗರಿ ಕಾಳಿನಷ್ಟು ಸಾಕು. ಜೋಕುಮಾರನಿಗೆ ಅಗಲ ಕಣ್ಣು, ದೊಡ್ಡ ಬಾಯಿ ಇದ್ದರೇ ಚೆಂದ, ಪಾಪುವಿಗೆ ಅದು ಒಪ್ಪುವುದಿಲ್ಲ.

ಕಣ್ಣಿಗೆ ಗುಲಗಂಜಿ ಇಡುವ ಆಸೆ ಇದ್ದರೆ ಬಿಟ್ಟುಬಿಡು. ನೋಡಲು ಚೆಂದ, ಆದರೆ ಒಳಗೆ ಕಡು ವಿಷ. ಮಕ್ಕಳು ಕಿತ್ತು ಅಗಿದರೆ ಜೀವಕ್ಕೇ ಅಪಾಯ. ಬಣ್ಣದಲ್ಲೇ ಬರೆ.

ಪ್ರಶ್ನೆ: ಓವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇ ತರಿಸಿದ್ದೇನೆ. ಒಳಗೆ ಥರ್ಮೋಕೋಲ್ ಇಡಬಹುದೇ? ನಮ್ಮ ಕೋಟೆಯ ಮಣ್ಣು ಬೊಂಬೆಗೆ ಆಗುತ್ತದೆಯೇ?
ಶಿಕ್ಷಕಿ, ಬೀದರ್

ಉತ್ತರ: ಥರ್ಮೋಕೋಲ್ ಬೇಡ ಮೇಡಂ. ಈ ಕ್ಲೇ ಬೇಯುವುದು ಸುಮಾರು 130 ಡಿಗ್ರಿಯಲ್ಲಿ. ಥರ್ಮೋಕೋಲ್ 100ರ ಆಸುಪಾಸಿನಲ್ಲೇ ಮೆತ್ತಗಾಗಿ ಕುಸಿಯುತ್ತದೆ. ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಕಟ್ಟಿ, ಚಮಚದ ಬೆನ್ನಿಂದ ಒತ್ತಿ ಒತ್ತಿ ಗಟ್ಟಿ ಮಾಡಿ, ಅದರ ಮೇಲೆ ಹಚ್ಚಿ. ಶಾಖ, ಸಮಯ ಎರಡಕ್ಕೂ ಪ್ಯಾಕೆಟ್ ಮೇಲೆ ಬರೆದದ್ದನ್ನೇ ನಂಬಿ. ಬೇಗ ಆಗಲಿ ಅಂತ ಶಾಖ ಏರಿಸಿದರೆ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಇದರಲ್ಲಿ ನೀರಿಲ್ಲ, ಹಾಗಾಗಿ ಸೇಡಂನವರ ತಲೆನೋವು ನಿಮಗಿಲ್ಲ.

ಕೋಟೆ ಮಣ್ಣನ್ನು ಬಿದರಿ ಕೆಲಸದವರು, ಅಂದರೆ ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವವರು, ನವಸಾಗರ ಅನ್ನುವ ಉಪ್ಪಿನ ಜೊತೆ ಬಳಸುವುದು ಕಪ್ಪು ಬಣ್ಣ ಬರಿಸಲು. ಸತು, ತಾಮ್ರ ಬೆರೆತ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅದರ ಕೆಲಸ ಅದು. ಬೊಂಬೆಯ ಮೂಗಿಗಾಗಿ ಕೋಟೆ ಕೆದರಬೇಡಿ.

ಪ್ರಶ್ನೆ: ಅಂಗಡಿ ಕ್ಲೇ ದುಬಾರಿ. ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ ಅಕ್ಕ?
ಓದುಗರು, ಸುರಪುರ

ಉತ್ತರ: ಧಾರಾಳವಾಗಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಅಂಗಡಿ ಕ್ಲೇ ನಂಬಿ ಕೂತವರಲ್ಲ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಮಾಡುತ್ತಾರೆ. ಹಗುರ ಮರದ ಬೊಂಬೆಯ ಮೇಲೆ ಅದನ್ನು ಹಚ್ಚುತ್ತಾರೆ. ನಾರು ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತದೆ.

ನಾನು ಸೆಣಬಿನ ಬದಲು ಹಳೇ ಪೇಪರ್ ಹಾಕುತ್ತೇನೆ. ಚೂರು ಮಾಡಿ ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಗಟ್ಟಿ ಹಿಂಡಿ. ಅದಕ್ಕೆ ಚಾಕ್ ಪುಡಿ, ಫೆವಿಕಾಲ್ ಹಾಕಿ ಕೈಗೆ ಅಂಟದಷ್ಟು ನಾದಿ. ಕೊನೆಗೆ ಎರಡು ಹನಿ ಎಣ್ಣೆ. ಇದೂ ಕುಗ್ಗುತ್ತದೆ, ಮೇಲೆ ಹೇಳಿದ ಎರಡು ಪದರದ ಲೆಕ್ಕ ಇದಕ್ಕೂ ಬೇಕು. ರುಬ್ಬಲು ಹಳೇ ಮಿಕ್ಸಿ ಜಾರ್ ಒಂದನ್ನು ಬೇರೆಯೇ ಇಟ್ಟುಕೊಳ್ಳಿ. ನಮ್ಮ ಮನೆಯವರಿಗೆ ಒಮ್ಮೆ ಶೇಂಗಾ ಹಿಂಡಿಯಲ್ಲಿ ಪೇಪರ್ ಚೂರು ಸಿಕ್ಕಿತ್ತು. ಅದರಲ್ಲಿ ಅಕ್ಷರವೂ ಕಾಣುತ್ತಿತ್ತು.