ಕಾರ್ಕ್‌ನಲ್ಲಿ 'ಗ್ರ್ಯಾಂಡ್' ಅಂದರೆ ಎಷ್ಟು ನೋವು?

ಚಿಂತಾಮಣಿಯ ತಂಗಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ನರ್ಸ್, ಡಾಕ್ಟರುಗಳಿಗೆ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಪಾಸಾಯ್ತು. ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಆದ್ರೆ ಅಲ್ಲಿಯವರ ಇಂಗ್ಲಿಷ್ ಯೂಟ್ಯೂಬಲ್ಲಿ ಕೇಳಿದ್ರೆ ಒಂದಕ್ಷರ ತಲೆಗೆ ಹೋಗಲ್ಲ. ಬೆಂಗಳೂರಲ್ಲಿ ಆಕ್ಸೆಂಟ್ ಕ್ಲಾಸಿಗೆ ಸೇರಲಾ?"

ಬೇಡಮ್ಮ. ಆ ದುಡ್ಡಲ್ಲಿ ಒಂದು ಒಳ್ಳೆ ಮಳೆ ಜಾಕೆಟ್ ತಗೋ. ಉಚ್ಚಾರಣೆ ಕೇಳ್ತಾ ಕೇಳ್ತಾ ಕಿವಿಗೆ ಹತ್ತುತ್ತದೆ. ಕೋಲಾರದ ಕಡೆ ಕೆಲಸ ಮಾಡಿದವರಿಗೆ ಇದೇನು ಹೊಸದಲ್ಲ. ಅಜ್ಜಿ ತೆಲುಗಲ್ಲಿ ಹೊಟ್ಟೆನೋವು ಹೇಳಲು ಶುರು ಮಾಡಿ, ಕನ್ನಡದಲ್ಲಿ ಸೊಸೆಯ ಮೇಲಿನ ದೂರಿಗೆ ಬಂದು ನಿಂತರೂ ನಾವು ಕೇಸ್ ಶೀಟ್ ಬರೆದಿದ್ದೇವೆ, ಅಲ್ವಾ? ಇಲ್ಲಿ ಕಷ್ಟ ಆಗುವುದು ಬೇರೆ ಕಡೆ. ಎದುರಿಗಿರುವವರು ಬೈಯುತ್ತಿದ್ದಾರಾ, ತಮಾಷೆ ಮಾಡುತ್ತಿದ್ದಾರಾ, ನೋವು ಮುಚ್ಚಿಡುತ್ತಿದ್ದಾರಾ ಅಂತ ಗೊತ್ತಾಗಬೇಕು.

ಡ್ಯೂಟಿ ಬದಲಾಗುವಾಗ "ಷೀ ವಾಸ್ ಗಿವಿಂಗ್ ಔಟ್ ಅಬೌಟ್ ದ ಟೀ" ಅಂತಾರೆ. ಆಯಮ್ಮ ಯಾರಿಗೂ ಟೀ ಹಂಚಿಲ್ಲ. ಟೀ ಚೆನ್ನಾಗಿಲ್ಲ ಅಂತ ಬೈದಿದ್ದಾರೆ. ಐರಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಮಾತದು. 'ಸ್ಲ್ಯಾಗಿಂಗ್' ಅಂದರೆ ಕಿಚಾಯಿಸುವುದು. ನಿನ್ನನ್ನು ಕಿಚಾಯಿಸಲು ಶುರು ಮಾಡಿದರೆ ಮುಖ ಊದಿಸಿಕೊಳ್ಳಬೇಡ, ಅವರು ನಿನ್ನನ್ನು ಸೇರಿಸಿಕೊಂಡರು ಅಂತ ತಿಳಿ. 'ಪ್ಲಾಮಾಸ್' ಅಂದರೆ ಅಪ್ಪಟ ಪೂಸಿ ಹೊಡೆಯುವುದು. 'ಕ್ರ್ಯಾಕ್' ಎಲ್ಲಿದೆ ಅಂತ ಕೇಳಿದರೆ ಹೆದರಬೇಡ, ಹರಟೆ, ನಗು, ಮಜಾ ಎಲ್ಲ ಅದರಲ್ಲೇ ಬಂತು. ಊರಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ ಬ್ಲಾರ್ನಿ ಕೋಟೆ ಇದೆ. ಅಲ್ಲಿ ಹಿಂದಕ್ಕೆ ಬಾಗಿ, ತಲೆ ಕೆಳಗೆ ಮಾಡಿ ಒಂದು ಕಲ್ಲಿಗೆ ಮುತ್ತಿಟ್ಟರೆ ಮಾತಿನ ಮೋಡಿ ಒಲಿಯುತ್ತದಂತೆ. ನಯವಾಗಿ ಮಾತಾಡಿ ಮರುಳು ಮಾಡುವುದಕ್ಕೇ ಈಗ 'ಬ್ಲಾರ್ನಿ' ಅಂತ ಹೆಸರು. ನಾನಂತೂ ಮುತ್ತಿಟ್ಟಿಲ್ಲ, ನಮ್ಮ ಕಡೆಯವರಿಗೆ ಮಾತಿಗೇನು ಬರ!

ವಾರ್ಡಲ್ಲಿ ಜಾಸ್ತಿ ಹುಷಾರಾಗಿರಬೇಕಾದ್ದು 'ಗ್ರ್ಯಾಂಡ್' ವಿಷಯದಲ್ಲಿ. ಭರ್ಜರಿ ಅಂತಲ್ಲ, ಪರವಾಗಿಲ್ಲ ಅಂತ ಅಷ್ಟೇ. ಸೊಂಟದ ಆಪರೇಷನ್ ಆದ ಮರುದಿನ ತಾತ ಒಬ್ಬರು ಹಾಸಿಗೆಯ ಕಂಬಿ ಬಿಗಿಯಾಗಿ ಹಿಡಿದಿದ್ದರು. ತುಟಿಯ ಮೇಲೆ ಬೆವರು. ಹೇಗಿದ್ದೀರಿ ಅಂದರೆ "ಐ ಆಮ್ ಗ್ರ್ಯಾಂಡ್." 0ಯಿಂದ 10ರ ಲೆಕ್ಕದಲ್ಲಿ ನೋವು ಎಷ್ಟು ಅಂದೆ. "ಎಯ್ಟ್, ಐ ಸಪೋಸ್" ಅಂದರು, ನಮಗೆ ತೊಂದರೆ ಕೊಟ್ಟೆನಲ್ಲ ಅನ್ನುವ ಹಾಗೆ. ನಮ್ಮೂರಲ್ಲಾದರೆ ಸೂಜಿ ನೋಡಿದ ಕೂಡಲೇ "ಅಯ್ಯೋ ಸತ್ತೆ" ಅಂತಾರೆ. ಇಲ್ಲಿ "ನಾಟ್ ಗ್ರೇಟ್" ಅಂದರೇ ನೀನು ಓಡಬೇಕು. ಸುಮ್ಮನೆ ಊಹೆ ಕಟ್ಟಬೇಡ, ಅಂಕಿ ಕೇಳು. ಮಲಗಿದಾಗ ಎಷ್ಟು, ಎದ್ದು ಕೂತಾಗ ಎಷ್ಟು ಅಂತ ಎರಡೂ ಕೇಳು.

ನೋಟ್ಸ್ ಬರೆಯುವಾಗಲೂ ಜೋಪಾನ. ನಾವು ಎಲ್ಲದಕ್ಕೂ ತೊದಲುತ್ತಾರೆ ಅಂದುಬಿಡುತ್ತೇವೆ. ಉಗ್ಗಿದರೆ 'ಸ್ಟ್ಯಾಮರ್'. ನಾಲಿಗೆ ಭಾರವಾಗಿ ಮಾತು ಕಲಸಿದ ಹಾಗೆ ಬಂದರೆ 'ಸ್ಲರ್ಡ್'. ಮಾತು ಸ್ಪಷ್ಟವಿದ್ದೂ ಬೇಕಾದ ಪದವೇ ಸಿಗದೆ ಒದ್ದಾಡಿದರೆ ಅದು ಇನ್ನೊಂದು, 'ಅಫೇಸಿಯಾ' ಇರಬಹುದು. ಬೆಳಗ್ಗೆ ಚೆನ್ನಾಗಿ ಮಾತಾಡಿದವರ ಮಾತು ಮಧ್ಯಾಹ್ನ ಹೀಗೆ ಕೆಟ್ಟರೆ ಬರೆಯುತ್ತಾ ಕೂರಬೇಡ, ಡಾಕ್ಟರನ್ನು ಕರೆ. ಮುಖ, ತೋಳು, ಮಾತು, ಸಮಯ ಅಂತ ಪಾರ್ಶ್ವವಾಯುವಿಗೆ ಕಲಿಸುವ 'ಫಾಸ್ಟ್' ಇದೇ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಹಾಗಾಗಿ ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಅನ್ನುವುದನ್ನು ಗುರುತಿಟ್ಟುಕೊ.

ಇನ್ನೊಂದು. "ಚಳಿ ಆಗ್ತಿದೆಯಾ?" ಅಂದರೆ 'ಯೆಸ್' ಅನ್ನದೆ "ಐ ಆಮ್" ಅಂತಾರೆ. ಮೊಟಕು ಮಾತು, ಸಿಟ್ಟಿರಬೇಕು ಅನ್ನಿಸುತ್ತದೆ. ಇಲ್ಲ. ಐರಿಷ್‌ನಲ್ಲಿ ಹೌದು, ಇಲ್ಲ ಅನ್ನುವುದಕ್ಕೆ ಬಿಡಿ ಪದಗಳೇ ಇಲ್ಲ, ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ಊಟ ಆಯ್ತಾ ಅಂದರೆ ನಾವೂ ಆಯ್ತು ಅಂತೀವಲ್ಲ, ಹಾಗೆ. ಆದರೆ ಮಾತ್ರೆ ತಗೋತೀರಾ ಅಂದಾಗ ರಾಗ ಎಳೆದು "ಐ ವಿಲ್, ಯಾ" ಅಂದರೆ ಖಂಡಿತ ತಗೊಳ್ಳಲ್ಲ ಅಂತ ಅರ್ಥ. ನುಂಗುವ ತನಕ ಅಲ್ಲೇ ನಿಲ್ಲು.

ಟಿಕೆಟ್ ಬುಕ್ ಆದ ಮೇಲೆ ತಿಳಿಸು. ಮನೆ ಬಾಡಿಗೆಯ ಕಥೆ ದೊಡ್ಡದು, ಅದನ್ನು ಬೇರೆಯಾಗಿ ಬರೆಯುತ್ತೇನೆ.